"ನಮ್ಮೂರಲ್ಲಿ ಎಲ್ರೂ ಹಂಗೇ ಮಾತಾಡೋದು ಸಾರ್, ಅದ್ರಲ್ಲಿ ತಪ್ಪೇನು?"

ಪ್ರಶ್ನೆ: ಸಾರ್ ನಮಸ್ಕಾರ. ದಾವಣಗೆರೆಲಿ ನಂದೊಂದು ಟೂ ವೀಲರ್ ಗ್ಯಾರೇಜ್ ಐತೆ, ಕೆಲ್ಸಕ್ಕೆ ಮೂರು ಜನ ಹುಡುಗ್ರು. ನಮ್ ಕಡೆ ಬಾಯಿ ಹೆಂಗೆ ಅಂತ ನಿಮಗೂ ಗೊತ್ತು, ಎರಡ್ ಮಾತಿಗೊಂದು ಬೈಗುಳ ಬರ್ಲೇಬೇಕು, ಫ್ರೆಂಡ್ಸ್ ಜೊತೆ ಅಂತೂ ಅದಿಲ್ದೆ ಮಾತೇ ಶುರು ಆಗಲ್ಲ. ಹೋದ ತಿಂಗಳು ಚಳ್ಳಕೆರೆ ಕಡೆಯ ಹೊಸ ಹುಡುಗ, ಹತ್ತೊಂಬತ್ತು ವರ್ಷದೋನು, ಕಸ್ಟಮರ್ ಗಾಡಿ ಟ್ಯಾಂಕ್ ಮೇಲೆ ಗೀರು ಹಾಕ್ದ ಅಂತ ಎಲ್ರ ಮುಂದೆ ಅವ್ನ ಅವ್ವನ ಮೇಲೆ ಬೈದೆ. ಮಾರನೇ ದಿನದಿಂದ ಆಸಾಮಿ ನಾಪತ್ತೆ. ಸ್ವಲ್ಪ ದಿನ ಬಿಟ್ಟು ಅವರವ್ವ ಬಸ್ ಹತ್ತಿ ಬಂದು ಗ್ಯಾರೇಜ್ ಮುಂದೆ ನಿಂತು "ನಾನೇನ್ ಮಾಡಿದ್ನಪ್ಪಾ ನಿಮಗೆ, ನನ್ನ ಯಾಕ್ ಎಳೀತೀರಿ" ಅಂತ ಅಷ್ಟೇ ಕೇಳಿ ಹೊರಟೋದ್ರು. ಇದ್ರ ಮಧ್ಯೆ ಏಳನೇ ಕ್ಲಾಸಿನ ನನ್ ಮಗ ಸ್ಕೂಲಲ್ಲಿ ಏನೋ ಅಂದಿದಾನೆ ಅಂತ ಮಿಸ್ ಕರೆಸಿದ್ರು. ಮನೆಯವ್ಳು "ನಿಮ್ ಬಾಯಿಂದಾನೇ ಕಲ್ತಿದ್ದು, ಗಂಡಸ್ರು ಬೈದ್ರೆ ಸಲಿಗೆ, ನಾನೊಂದ್ ಮಾತ್ ಅಂದ್ರೆ ಬಜಾರಿ" ಅಂತ ಒಂದೇ ಸಮನೆ. ಬೈಯೋದು ಅಷ್ಟ್ ದೊಡ್ಡ ತಪ್ಪಾ ಸಾರ್? ಯಾವಾಗ ನಡೆಯುತ್ತೆ ಯಾವಾಗ ನಡೆಯಲ್ಲ, ಬಿಡಿಸಿ ಹೇಳ್ರಿ. ಕೇಸು ಗೀಸು ಏನಾದ್ರೂ ಆಗುತ್ತಾ?

ಉತ್ತರ: ನಮಸ್ಕಾರ ಯಜಮಾನ್ರೆ. ನೀವು ಒಂದೇ ಉಸಿರಲ್ಲಿ ನಾಲ್ಕು ಪ್ರಶ್ನೆ ಕೇಳಿದೀರಿ, ಹುಡುಗಂದು, ಮಗಂದು, ಮನೆಯವ್ರದ್ದು, ಕೇಸಿಂದು. ಎಲ್ಲಕ್ಕೂ ಬರ್ತೀನಿ, ಆದ್ರೆ ಮೊದ್ಲು ಆ ಹುಡುಗನ ಅವ್ವ ಕೇಳಿದ ಮಾತು ಹಿಡ್ಕೊಳ್ಳೋಣ, ಯಾಕಂದ್ರೆ ಕಾಲೇಜಲ್ಲಿ ಭಾಷೆ ಪಾಠ ಮಾಡೋ ನಾನು ಬೈಗುಳದ ಬಗ್ಗೆ ಗಂಟೆಗಟ್ಲೆ ಹೇಳೋದನ್ನ ಆಯಮ್ಮ ಒಂದೇ ಮಾತಲ್ಲಿ ಕೇಳಿ ಹೋಗಿದಾರೆ.

ಗೀರು ಹಾಕಿದ್ದು ಹುಡುಗ. ಬೈದಿದ್ದು ಹುಡುಗನಿಗೇ ಅಂತ ನಿಮ್ಮ ಲೆಕ್ಕ. ಆದ್ರೆ ನೀವಾಡಿದ ಮಾತಲ್ಲಿ ಹುಡುಗ ಎಲ್ಲಿದಾನೆ ಹೇಳ್ರಿ? ಅಲ್ಲಿರೋದು ಬರೀ ಅವನವ್ವ. ಆ ಗಾಡಿನೂ ನೋಡಿಲ್ಲ, ನಿಮ್ಮ ಗ್ಯಾರೇಜ್ ಯಾವ ರೋಡಲ್ಲಿದೆ ಅಂತಾನೂ ಗೊತ್ತಿಲ್ಲದ ಹೆಂಗಸು. ಶಕ್ತಿ ಯೋಜನೆಯ ಫ್ರೀ ಬಸ್ಸೇ ಇರ್ಲಿ, ಚಳ್ಳಕೆರೆಯಿಂದ ದಾವಣಗೆರೆಗೆ ಬಂದು ಹೋಗೋದ್ರೊಳಗೆ ಒಂದು ದಿನದ ಕೂಲಿ ಹೋಯ್ತಲ್ಲ, ಅಷ್ಟು ಕಳ್ಕೊಂಡು ಬಂದು ಜಗಳಾನೂ ಆಡದೆ, ತಿರುಗಿ ಬೈಯ್ದೇನೇ, ಒಂದು ಪ್ರಶ್ನೆ ಕೇಳಿ ಹೋಗಿದಾರೆ ಅಂದ್ರೆ ಆ ಮಾತು ಎಲ್ಲಿಗೆ ತಾಗಿರ್ಬೇಕು.

ಈಗ "ಎಲ್ರೂ ಹಂಗೇ ಮಾತಾಡೋದು" ಅನ್ನೋದಕ್ಕೆ ಬರೋಣ. ನಿಜಾನೇ, ಅದನ್ನ ನಾನು ಅಲ್ಲಗಳೆಯಲ್ಲ. ಸಂಜೆ ಹೊತ್ತು ಯಾವ್ದಾದ್ರೂ ಮಿರ್ಚಿ ಮಂಡಕ್ಕಿ ಅಂಗಡಿ ಮುಂದೆ ನಿಂತು ಸುಮ್ನೆ ಕಿವಿ ಕೊಡ್ರಿ. ಒಬ್ಬ ಬೈಕ್ ಸ್ಟ್ಯಾಂಡ್ ಹಾಕೋ ಮುಂಚೆನೇ ಇನ್ನೊಬ್ಬ "ಏನಲೇ ಬೋ.ಮಗ್ನೆ, ಎಲ್ ಸತ್ತಿದ್ಯೋ ಇಷ್ಟ್ ದಿನ" ಅಂತಾನೆ. ಇವನು ಹೆಲ್ಮೆಟ್ ತೆಗೀತಾ "ನಿನ್ ಹೆಣ ಎತ್ತಾಕೇ ಬಂದೀನಿ, ಮೊದ್ಲು ಮಿರ್ಚಿ ಹೇಳಲೇ" ಅಂತಾನೆ. ಇಬ್ರೂ ಹೆಗಲ ಮೇಲೆ ಕೈ ಹಾಕ್ಕೊಂಡು ಬೆಂಚ್ ಮೇಲೆ ಕೂರ್ತಾರೆ. ಇದ್ರಲ್ಲಿ ಯಾರಿಗೂ ನೋವಿಲ್ಲ, ನಿಜ ಹೇಳ್ಬೇಕಂದ್ರೆ ಅವತ್ತು ಅವ್ನು "ಹಲೋ, ಹೇಗಿದ್ದೀರಿ" ಅಂದಿದ್ರೇನೇ ಇವ್ನಿಗೆ ಎದೆ ಧಸಕ್ ಅಂತಿತ್ತು, ಏನೋ ಮನಸ್ತಾಪ ಆಗಿದೆ ಅಂತ. ಅಷ್ಟರಲ್ಲಿ ಇವ್ರ ಹೈಸ್ಕೂಲ್ ಮೇಷ್ಟ್ರು ಪಾರ್ಸೆಲ್ ತಗೊಳ್ಳೋಕೆ ಬಂದ್ರು ಅಂತಿಟ್ಕೊಳ್ರಿ. ಅದೇ ಎರಡು ಬಾಯಿ "ಬರ್ರಿ ಸಾರ್, ಆರಾಮಿದೀರಾ, ಚಾ ತಗೊಳ್ರಿ ಸಾರ್" ಅಂತ ಎದ್ದು ನಿಲ್ತಾವೆ. ಮೇಷ್ಟ್ರು ಆ ಕಡೆ ತಿರುಗಿದ ತಕ್ಷಣ ಮತ್ತೆ ಶುರು.

ಇದನ್ನ ಯಾಕ್ ಹೇಳ್ತೀನಿ ಅಂದ್ರೆ, "ಬಾಯಿಗ್ ಬಂದ್ಬಿಡುತ್ತೆ ಸಾರ್, ಅಭ್ಯಾಸ, ಕಂಟ್ರೋಲ್ ಇಲ್ಲ" ಅನ್ನೋ ಮಾತನ್ನ ನಾನು ನಂಬಲ್ಲ. ಕಂಟ್ರೋಲ್ ಚೆನ್ನಾಗೇ ಇದೆ. ಯಾರ ಮುಂದೆ ಬಿಡ್ಬೇಕು ಯಾರ ಮುಂದೆ ನುಂಗ್ಕೋಬೇಕು ಅನ್ನೋದು ಎಲ್ರ ನಾಲಿಗೆಗೂ ಗೊತ್ತು. ನಿಮ್ಮನ್ನೇ ಕೇಳ್ತೀನಿ, ಅದೇ ಟ್ಯಾಂಕ್ ಮೇಲೆ ಅದೇ ಗೀರನ್ನ ಆ ಕಸ್ಟಮರ್ ಜೊತೆ ಬಂದಿದ್ದ ಅವ್ರ ತಮ್ಮನೇ ಕೀ ತಾಗಿಸಿ ಹಾಕಿದ್ರೆ ಅವ್ರವ್ವನ ಮೇಲೆ ಬೈತಿದ್ರಾ? "ಅಯ್ಯೋ ಇರ್ಲಿ ಬಿಡ್ರಿ ಅಣ್ಣ, ಪಾಲಿಶ್ ಹೊಡೆದ್ರೆ ಹೋಗುತ್ತೆ" ಅಂತಿದ್ರಿ. ಗೀರು ಒಂದೇ, ಸಿಟ್ಟೂ ಒಂದೇ.

ಹಂಗಾಗಿ ನನ್ನ ಹತ್ರ ಇರೋ ಅಳತೆಗೋಲು ಒಂದೇ. ನೀವು ಯಾರಿಗೆ ಬೈತೀರೋ ಅವ್ನು ಅದೇ ಮಾತನ್ನ, ಅದೇ ದನಿಯಲ್ಲಿ, ಅದೇ ಜನರ ಎದುರು ನಿಮಗೆ ತಿರುಗಿಸಿ ಅನ್ನಬಹುದಾ, ಅಂದ್ರೆ ಅವ್ನ ಕೆಲ್ಸಕ್ಕೆ, ಸಂಬಳಕ್ಕೆ, ಮೈಗೆ ಏನೂ ಆಗಲ್ವಾ? ಅನ್ನಬಹುದು ಅಂದ್ರೆ ಬೈಕೊಳ್ರಿ, ನಿಮ್ಮಿಬ್ರ ಮಧ್ಯೆ ಬರೋಕೆ ನಾನ್ಯಾರು. ಅನ್ನೋ ಹಂಗಿಲ್ಲ ಅಂದ್ರೆ ಮಾತು ಎಷ್ಟೇ ಮಾಮೂಲಿ ಆಗಿರ್ಲಿ ಅದು ನಡೆಯಲ್ಲ. ನಿಮ್ಮ ಫ್ರೆಂಡ್ಸ್ ಈ ಪರೀಕ್ಷೆಲಿ ಪಾಸ್. ಆ ಹುಡುಗ ತಿರುಗಿ "ನಿಮ್ಮೌನ್" ಅಂದಿದ್ರೆ ಏನಾಗ್ತಿತ್ತು ಅಂತ ನಿಮಗೂ ಗೊತ್ತು ಅವ್ನಿಗೂ ಗೊತ್ತು, ಅದಕ್ಕೇ ಅವ್ನು ಬಾಯಿ ಬಿಡದೆ ಮನೆಗೆ ಹೋದ.

ನಮ್ಮ ಭಾಗದ ಮಾತಿನ ಬಗ್ಗೆ ಎರಡು ಮಾತು ಹೇಳ್ಲೇಬೇಕು, ಇಲ್ಲಾಂದ್ರೆ ಹೊರಗಿನೋರು ದಾವಣಗೆರೆಯವ್ರು ಒರಟ್ರು ಅಂತ ಷರಾ ಬರೆದು ಬಿಡ್ತಾರೆ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದ್ವು, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ (ಅದು 2018ರಲ್ಲಿ ವಾಪಸ್ ಹೋಯ್ತು ಬಿಡ್ರಿ). ಜಿಲ್ಲೆ ಆಗೋಕೂ ಮುಂಚಿಂದಾನೇ ಹತ್ತಿ ಮಿಲ್ಲು, ಮಂಡಿಪೇಟೆ, ಮಂಡಕ್ಕಿ ಭಟ್ಟಿ ಅಂತ ಸುತ್ತಲ ಊರಿನೋರೆಲ್ಲ ಇಲ್ಲಿಗೆ ದುಡಿಯೋಕೆ ಬಂದೋರು. ಒಬ್ಬೊಬ್ರದ್ದು ಒಂದೊಂದು ಕನ್ನಡ. ರಾಣೆಬೆನ್ನೂರು ಕಡೆಯೋರ "ಲೇ"ಗೂ ಹೊನ್ನಾಳಿಯೋರ "ಮಾರಾಯ"ಗೂ ಸಂತೆಯಲ್ಲೇ ಪರಿಚಯ ಆಗಿದ್ದು. ಇಲ್ಲಿ ತಾಯಿ ಮಗನಿಗೆ "ಬಾರಲೇ ಊಟಕ್ಕೆ" ಅಂದ್ರೆ ಮುದ್ದು. ಅದೇ "ಲೇ"ನ ಮೈಸೂರಲ್ಲಿ ಗುರ್ತಿಲ್ಲದೋನಿಗೆ ಅಂದು ನೋಡ್ರಿ, ಕೈ ಕಾಲರ್ ಮೇಲೆ ಇರುತ್ತೆ. ಹಂಗೇ "ಅವ್ನೌನ್ ಏನ್ ಬಿಸ್ಲಪಾ" ಅಂತ ಏಪ್ರಿಲ್ ಮಧ್ಯಾಹ್ನ ಯಾರಾದ್ರೂ ಅಂದ್ರೆ ಇಲ್ಲಿ ಯಾರೂ ತಲೆ ಎತ್ತಿ ನೋಡಲ್ಲ, ಅದ್ರಲ್ಲಿ ಯಾರ ಅವ್ವನೂ ಇಲ್ಲ, ಬರೀ ಬೆವರಿದೆ. "ಅವ್ನ" ಹೋಗಿ "ನಿನ್ನ" ಆದ ತಕ್ಷಣ ಮಾತ್ರ ಕಥೆ ಬೇರೆ, ಎದುರಿಗೆ ಒಬ್ಬ ಮನುಷ್ಯ ನಿಂತಿರ್ತಾನೆ, ಅವನ ಹಿಂದೆ ಅವನ ಮನೆ ನಿಂತಿರುತ್ತೆ. ಇನ್ನು ಚಳ್ಳಕೆರೆ, ಮೊಳಕಾಲ್ಮುರು ಕಡೆ ಮನೆಯೊಳಗೆ ತೆಲುಗು ಆಡೋ ಕುಟುಂಬಗಳು ಬೇಕಾದಷ್ಟಿವೆ, ಆ ಹುಡುಗನೂ ಅಂಥ ಮನೆಯೋನಾಗಿದ್ರೆ ದಾವಣಗೆರೆ ಗ್ಯಾರೇಜಿನ ಈ ಸಲಿಗೆ ವ್ಯಾಕರಣ ಅವ್ನಿಗೆ ಯಾರು ಹೇಳಿಕೊಟ್ಟಿದ್ರು?

ಬೈಯೋಕೆ ಅಂತಾನೇ ಜಾಗ ಮಾಡಿಕೊಟ್ಟಿರೋದೂ ನಮ್ಮೋರೇ, ಅದನ್ನ ಮರೆತು ಬೈಗುಳ ಅಂದ್ರೆ ಸಂಸ್ಕಾರ ಇಲ್ಲದೋರ ಕೆಲ್ಸ ಅನ್ನೋರು ನಮ್ಮ ಹಬ್ಬಗಳನ್ನೇ ಸರಿಯಾಗಿ ನೋಡಿಲ್ಲ. ಕಾಮನ ಹುಣ್ಣಿಮೆ ತಗೊಳ್ರಿ. ಈಗ ರಾಮ್ ಅಂಡ್ ಕೋ ಸರ್ಕಲ್‌ನಲ್ಲಿ ಡಿಜೆ ಬಣ್ಣ ಎಲ್ಲ ಬಂದಿದೆ, ಆದ್ರೆ ಹಳ್ಳಿ ಕಡೆ ಹುಡುಗ್ರು ಬಾಯಿ ಬಾಯಿ ಬಡ್ಕೊಂಡು "ಕಾಮಣ್ಣ ಮಕ್ಕಳು, ಕಳ್ಳ ಸೂ.. ಮಕ್ಕಳು, ಏನೇನ್ ಕದ್ದರು, ಕಟ್ಟಿಗೆ ಕದ್ದರು" ಅಂತ ಬೀದಿ ಬೀದಿ ಸುತ್ತೋದು ಯಾರಿಗೆ ಗೊತ್ತಿಲ್ಲ? ಮನೆ ಮುಂದಿನ ಸೌದೆ, ಬೆರಣಿ ಎಲ್ಲ ಕದ್ದು ಸುಡ್ತಾರೆ, ಕೇಳೋಕೆ ಬಂದ ಗೌಡ್ರಿಗೂ ಒಂದು ಬೈಗುಳ. ವರ್ಷ ಪೂರ್ತಿ ಆ ಗೌಡ್ರ ಮುಂದೆ ಟವಲ್ ಹೆಗಲಿಂದ ಇಳಿಸಿ ನಿಲ್ಲೋರು ಅವತ್ತೊಂದು ರಾತ್ರಿ ಬಾಯಿ ಬಿಡ್ತಾರೆ, ಗೌಡ್ರು ನಕ್ಕು ಒಳಗೆ ಹೋಗ್ಬೇಕು, ಹೋಗದಿದ್ರೆ ಅವ್ರಿಗೇ ಮರ್ಯಾದೆ ಕಮ್ಮಿ. ಕೊಡಗಿನ ದೇವರಪುರದಲ್ಲಿ ಕುಂಡೆ ಹಬ್ಬ ಅಂತಾನೇ ಇದೆ, ಅಲ್ಲಿ ಕಾಡುಜನರು ವೇಷ ಹಾಕ್ಕೊಂಡು ದಾರೀಲಿ ಹೋಗೋರಿಗೂ ದೇವ್ರಿಗೂ ಬೈದು ಕಾಸು ಕೇಳ್ತಾರೆ. ಕೇರಳದ ಕೊಡುಂಗಲ್ಲೂರು ಭರಣಿಯಲ್ಲಿ ಭಗವತಿಗೇ ಕೇಳಬಾರದ ಹಾಡು ಹಾಡ್ತಾರೆ. ನಮ್ಮ ಮದುವೆ ಮನೆ ಬೀಗರ ಹಾಡು ಏನು ಕಮ್ಮಿನಾ? ಹೆಣ್ಣಿನ ಕಡೆ ಹೆಂಗಸ್ರು ಬೀಗತಿ ಮೂಗು, ನಡಿಗೆ, ಜಿಪುಣತನ ಎಲ್ಲ ಎಳೆದು ಹಾಡ್ತಾರೆ, ಬೀಗತಿ ಕಡೆಯೋರೂ ತಿರುಗಿ ಹಾಡ್ತಾರೆ, ತಿರುಗಿ ಹಾಡದಿದ್ರೆ ಗತ್ತಿಲ್ಲ ಅಂತ ಅರ್ಥ.

ರ್ಯಾಡ್‌ಕ್ಲಿಫ್ ಬ್ರೌನ್ ಅನ್ನೋ ಇಂಗ್ಲೆಂಡಿನ ಮಾನವಶಾಸ್ತ್ರಜ್ಞ 1940ರಲ್ಲಿ ಇಂಥ ಸಂಬಂಧಗಳ ಬಗ್ಗೇನೇ ಬರೆದ, ತಮಾಷೆಗೆ ಅವಮಾನ ಮಾಡೋ ಹಕ್ಕು ಇರೋ, ಅವಮಾನ ಆದ್ರೂ ಸಿಟ್ಟಾಗಬಾರದು ಅನ್ನೋ ಕಟ್ಟುಪಾಡು ಇರೋ ಸಂಬಂಧಗಳು. ಮದುವೆಯಿಂದ ಕೂಡಿಕೊಂಡ ಎರಡು ಮನೆಗಳ ಮಧ್ಯೆ ಒಂದಿಷ್ಟು ಬಿಗಿ ಇದ್ದೇ ಇರುತ್ತೆ, ಆ ಬಿಗಿ ಜಗಳ ಆಗದ ಹಂಗೆ ಈ ತಮಾಷೆ ನೋಡ್ಕೊಳ್ಳುತ್ತೆ ಅಂತ ಅವನ ವಾದ. ನಮ್ಮ ಭಾವ ಮೈದುನರನ್ನ ನೋಡಿದ್ರೆ ಹೌದಪ್ಪಾ ಅನ್ಸುತ್ತೆ. ಆದ್ರೆ ಅವ್ನು ಹೇಳಿದ್ರಲ್ಲಿ ಇನ್ನೊಂದು ಮಾತಿದೆ, ಇಂಥ ಸಂಬಂಧ ಎರಡು ಥರ, ಇಬ್ರೂ ಬೈಕೊಳ್ಳೋದು ಒಂದು, ಒಬ್ಬ ಮಾತ್ರ ಬೈಯೋದು ಇನ್ನೊಬ್ಬ ನಕ್ಕು ಸುಮ್ನಿರೋದು ಇನ್ನೊಂದು. ಗ್ಯಾರೇಜಲ್ಲಿ ನಡೀತಿರೋದು ಎರಡನೇದು, ನಗೋದೂ ಆ ಹುಡುಗನ ಕೆಲಸದ ಲೆಕ್ಕದಲ್ಲೇ ಬರುತ್ತೆ.

ಈ ಅಳತೆಗೋಲಿಗೆ ಒಂದು ಜಾಗದಲ್ಲಿ ಮಾತ್ರ ತೊಡಕಿದೆ, ಅಜ್ಜಿ. ಚಿತ್ರದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆ ಯಾವ ಹಟ್ಟಿಗೆ ಹೋದ್ರೂ ಒಬ್ಬ ಅಜ್ಜಿ ಜಗಲಿ ಮೇಲೆ ಕೂತು ಮೊಮ್ಮಗನಿಗೆ "ನಿನ್ ಬಾಯಾಗ್ ಮಣ್ ಬೀಳ, ನಿನ್ ಕೈ ಸೇದೋಗ, ಹಾಳಾದ್ ಮುಂಡೇದೆ, ತಿನ್ನು ಬಾ" ಅಂತಿರ್ತಾಳೆ. ಎಲ್ಲ ಶಾಪದ ಕೊನೆಗೂ "ತಿನ್ನು ಬಾ" ಇದ್ದೇ ಇರುತ್ತೆ, ಗಮನಿಸಿ. ಮೊಮ್ಮಗ ತಿರುಗಿ ಅನ್ನೋ ಹಂಗಿಲ್ಲ, ಆದ್ರೂ ಇದು ನಡೆಯುತ್ತೆ, ಯಾರಿಗೂ ನೋಯಲ್ಲ. ಯಾಕೆ? ನಂಗೆ ಕಾಣೋದು ಹೀಗೆ. ಅಜ್ಜಿ ಬೈಯೋದನ್ನೆಲ್ಲ ತಿರುವಿ ಕೇಳ್ಬೇಕು ಅಂತ ಮನೆಯಲ್ಲಿ ಎಲ್ರಿಗೂ ಗೊತ್ತು. ಹೊಗಳಿದ್ರೆ ಕಣ್ಣು ತಾಗುತ್ತೆ, ಬೈದ್ರೆ ತಾಗಲ್ಲ ಅನ್ನೋ ನಂಬಿಕೆ ಬೇರೆ ಇದೆ, ಮಕ್ಕಳು ಉಳೀದ ಮನೆಯಲ್ಲಿ ಹುಟ್ಟಿದ ಕೂಸಿಗೆ ಕಲ್ಲ, ಗುಂಡ, ತಿಪ್ಪ ಅಂತ ಬೇಕಂತಲೇ ಒರಟು ಹೆಸರಿಡ್ತಿದ್ದಿದ್ದೂ ಅದೇ ಭಯಕ್ಕೆ (ತಿಪ್ಪೇಸ್ವಾಮಿ ಅಂತ ನಮ್ಮ ಕಡೆ ಮನೆಗೊಬ್ರು ಇರೋದು ಬೇರೆ ವಿಷಯ, ಅದು ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಹೆಸರು). ಇನ್ನೊಂದು, ಆ ಅಜ್ಜಿ ಕೈಯಲ್ಲಿ ಸಂಬಳ ಇಲ್ಲ, ಕೋಲಿಲ್ಲ, ಆಸ್ತಿ ಪತ್ರದಲ್ಲಿ ಹೆಸರಿಲ್ಲ, ಬಾಯಿ ಒಂದಿದೆ. ಅವಳು ಬೈದ್ರೆ ಮೊಮ್ಮಗನ ಹೊಟ್ಟೆಗೆ ಕುತ್ತಿಲ್ಲ. ಬಾಯಿಯ ಜೊತೆ ಕೈಯಲ್ಲಿ ಅಧಿಕಾರಾನೂ ಇರೋನ ಬೈಗುಳಾನ ಅಜ್ಜಿ ಬೈಗುಳದ ಪಕ್ಕ ಇಡೋಕಾಗಲ್ಲ. "ನಾನೂ ಪ್ರೀತಿಗೇ ಬೈದಿದ್ದು" ಅನ್ನೋ ಮಾಲೀಕ್ರು ಬೇಕಾದಷ್ಟು ಜನ ಸಿಗ್ತಾರೆ, ಅವ್ರ ಬೈಗುಳದ ಕೊನೆಗೆ "ತಿನ್ನು ಬಾ" ಇರಲ್ಲ.

ಅದೇ ಅಜ್ಜಿ ನಿಜವಾಗ್ಲೂ ಸಿಟ್ಟಾದಾಗ ಹೇಗಿರುತ್ತೆ ನೋಡಿದೀರಲ್ಲ, ನೆಟಿಗೆ ಮುರಿದು, ಹಿಡಿ ಮಣ್ಣು ತೂರಿ "ನಿನ್ ಮನೆ ಹಾಳಾಗ" ಅಂದ್ರೆ ಇಡೀ ಕೇರಿ ಸುಮ್ಮನಾಗುತ್ತೆ. ಅದು ಶಾಪ. ಅದಕ್ಕೆ ಜನ ಹೆದರ್ತಾರೆ, ಬೈಗುಳಕ್ಕೆ ಹೆದರಲ್ಲ.

ಮನೆಯವ್ರ ಮಾತಿಗೆ ಬರ್ತೀನಿ. ಅವ್ರು ಹೇಳಿದ್ದು ಅಕ್ಷರಶಃ ಸರಿ, ನಿಮಗೆ ಬೇಜಾರಾದ್ರೂ ಪರ್ವಾಗಿಲ್ಲ. ಕನ್ನಡದಲ್ಲಿ ಗಂಡಸು ಗಂಡಸಿಗೆ ಬೈಯೋ ದೊಡ್ಡ ಬೈಗುಳಗಳನ್ನ ಒಂದು ಕಾಗದದ ಮೇಲೆ ಬರೆದು ನೋಡಿ, ಗಂಡಸಿನ ಬಗ್ಗೆ ಏನಾದ್ರೂ ಇದ್ಯಾ? ಬೋಳಿ, ಮುಂಡೆ, ರಂಡೆ, ಮೂರೂ ಗಂಡ ಸತ್ತ ಹೆಂಗಸನ್ನ ಕರೀತಿದ್ದ ಮಾತುಗಳು. ಇನ್ನು ಉಳಿದಿದ್ದು ಸೂಳೆ ಮತ್ತೆ ಅವ್ವ ಅಕ್ಕಂದಿರ ಮೈ. ಜಗಳ ಇಬ್ರು ಗಂಡಸ್ರದ್ದು, ಏಟು ಬೀಳೋದು ಮನೇಲಿ ರೊಟ್ಟಿ ತಟ್ಟೋ ಹೆಂಗಸಿಗೆ. ಬಾಯಲ್ಲಿ ಸವೆದು ಸವೆದು ಆ ಅರ್ಥ ಯಾರಿಗೂ ನೆನಪಿಲ್ಲ ಅಂತ ನೀವನ್ನಬಹುದು, ಫ್ರೆಂಡ್ಸ್ ಮಧ್ಯೆ ಅದು ನಿಜಾನೂ ಹೌದು. ಆದ್ರೆ ಸವೆದಿದೆ ಅಂತ ತೀರ್ಮಾನ ಮಾಡೋದು ಬೈದೋನಲ್ಲ, ಆಯಮ್ಮನಿಗೆ ಅದು ಸವೆದಿರ್ಲಿಲ್ಲ. ಇಷ್ಟೆಲ್ಲ ಹೆಂಗಸಿನ ಮೇಲೇ ಕಟ್ಟಿರೋ ಬೈಗುಳನ ಹೆಂಗಸೇ ಒಂದು ಸಲ ಆಡಿದ್ರೆ ಬಜಾರಿ, ಗಯ್ಯಾಳಿ. ಗಂಡಸಿಗೆ "ಬಾಯಿ ಸ್ವಲ್ಪ ಜೋರು, ಮನಸ್ಸು ಒಳ್ಳೇದು" ಅಂತ ಸರ್ಟಿಫಿಕೇಟ್. ಇದು ನಮ್ಮೂರದ್ದೊಂದೇ ರೋಗ ಅಲ್ಲ, ಎಷ್ಟೋ ದೇಶಗಳಲ್ಲಿ ಹಿಂಗೇ ಇದೆ, ಹಂಗಂತ ಸರಿ ಆಗಲ್ಲ. ಮನೆಯವ್ರು ನಿಮಗೆ ತಿರುಗಿ ಬೈಬಹುದಾ? ಮೇಲಿನ ಅಳತೆ ಮನೆಗೂ ಅಷ್ಟೇ.

ಈಗ ಕೇಸು. ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಬಂದಿದೆ, ಹಳೇ ಐಪಿಸಿ (ಭಾರತೀಯ ದಂಡ ಸಂಹಿತೆ) ಕಲಮಿನ ನಂಬರ್‌ಗಳು ಬದಲಾಗಿವೆ. ಶಾಂತಿ ಭಂಗ ಆಗ್ಲಿ ಅಂತ ಬೇಕಂತಲೇ ಅವಮಾನ ಮಾಡೋದು ಮೊದ್ಲು 504, ಈಗ 352, ಎರಡು ವರ್ಷದವರೆಗೂ ಶಿಕ್ಷೆ. ಸಾರ್ವಜನಿಕ ಜಾಗದಲ್ಲಿ ಅಶ್ಲೀಲ ಮಾತು ಮೊದ್ಲು 294, ಈಗ 296, ಮೂರು ತಿಂಗಳವರೆಗೆ. ಹೆಂಗಸಿನ ಮಾನಕ್ಕೆ ಕುಂದು ತರೋ ಉದ್ದೇಶದಿಂದ ಆಡಿದ ಮಾತಿಗೆ ಮೊದ್ಲು 509, ಈಗ 79, ಮೂರು ವರ್ಷದವರೆಗೆ. ಹಂಗಂತ ಬೈದೋರೆಲ್ಲ ಒಳಗೆ ಹೋಗಲ್ಲ. ಬರೀ ಬೈದ ಮಾತ್ರಕ್ಕೆ ಅದು ಅಶ್ಲೀಲ ಆಗಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಒಂದು ಕೇಸಲ್ಲಿ ಹೇಳಿದೆ, 2024ರ ಮಾರ್ಚಲ್ಲಿ ಒಂದು ವೆಬ್ ಸೀರೀಸ್ ಕೇಸಲ್ಲೂ ಅದನ್ನೇ ಹೇಳ್ತು, ಮಾತು ಕೊಳಕಾಗಿರಬಹುದು, ಕೇಳೋಕೆ ಅಸಹ್ಯ ಆಗಬಹುದು, ಆದ್ರೆ ಕಾನೂನಿನಲ್ಲಿ ಅಶ್ಲೀಲ ಅನ್ನೋದೇ ಬೇರೆ ಅಂತ. ನಿಮ್ಮ ವಿಷಯದಲ್ಲಿ ಆಯಮ್ಮ ಸ್ಟೇಷನ್ನಿಗೆ ಹೋಗದೆ ನಿಮ್ಮ ಹತ್ರಾನೇ ಬಂದಿದಾರೆ, ಅದನ್ನ ನೆನಪಿಡಿ.

ಎರಡು ಕಡೆ ಮಾತ್ರ ಸಲಿಗೆ, ಅಭ್ಯಾಸ, ಊರ ಭಾಷೆ ಯಾವ ಸಬೂಬೂ ನಡೆಯಲ್ಲ. ಒಂದು ಜಾತಿ. ಪರಿಶಿಷ್ಟ ಜಾತಿ ಪಂಗಡದೋರನ್ನ ನಾಲ್ಕು ಜನರ ಕಣ್ಣಿಗೆ ಬೀಳೋ ಜಾಗದಲ್ಲಿ ಜಾತಿ ಹೆಸರಿಡಿದು ಬೈದ್ರೆ 1989ರ ದೌರ್ಜನ್ಯ ತಡೆ ಕಾಯ್ದೆ, ಕಮ್ಮಿ ಅಂದ್ರೆ ಆರು ತಿಂಗಳು, ಐದು ವರ್ಷದವರೆಗೂ ಹೋಗಬಹುದು. ನಾಲ್ಕು ಗೋಡೆ ಒಳಗೆ ಹೊರಗಿನೋರು ಯಾರೂ ಇಲ್ದಿದ್ದಾಗ ಆಡಿದ್ದು ಈ ಕಲಮಿಗೆ ಬರಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದ್ರೆ ಗ್ಯಾರೇಜ್ ಅಂದ್ರೆ ಷಟರ್ ಎತ್ತಿದ ಜಾಗ, ಕಸ್ಟಮರ್ ಬಂದು ಹೋಗೋ ಜಾಗ. ಇನ್ನೊಂದು, ಕುಂಟ ಕುರುಡ ಅಂತ ಅಂಗವಿಕಲರನ್ನ ಜನರ ಮುಂದೆ ಬೇಕಂತಲೇ ಹೀಯಾಳಿಸೋದು, 2016ರ ಕಾಯ್ದೆಯ ಪ್ರಕಾರ ಅದಕ್ಕೂ ಅಷ್ಟೇ ಶಿಕ್ಷೆ. ಕಾನೂನು ಪಕ್ಕಕ್ಕಿಡಿ, ಇವೆರಡೂ ನನ್ನ ಅಳತೆಗೋಲಿಗೇ ಸಿಗಲ್ಲ, ಯಾಕಂದ್ರೆ ಇದಕ್ಕೆ ತಿರುಗಿಸಿ ಬೈಯೋಕೆ ಎದುರಿಗಿರೋನ ಹತ್ರ ಅದೇ ತೂಕದ ಮಾತೇ ಇಲ್ಲ. ಮೇಲಿನ ಜಾತಿ ಹೆಸರಿಡಿದು ಕರೆದ್ರೆ ಯಾರಿಗ್ರೀ ಅವಮಾನ ಆಗುತ್ತೆ?

ಹಂಗಾದ್ರೆ ಬಾಯಿಗೆ ಬೀಗ ಹಾಕ್ಕೋಬೇಕಾ ಅಂತೀರಾ? ಬೇಡ. ಹತ್ತೊಂಬತ್ತರ ಪಾನಾ (ಸ್ಪ್ಯಾನರ್) ಜಾರಿ ಕಾಲಿನ ಹೆಬ್ಬೆರಳ ಮೇಲೆ ಬಿದ್ರೆ ಬೈರಿ, ಜೋರಾಗೇ ಬೈರಿ, ಪಾನಾಕ್ಕೆ ಅವ್ವ ಇಲ್ಲ. ಅದರಿಂದ ಉಪಯೋಗಾನೂ ಇದೆ. ಇಂಗ್ಲೆಂಡಿನ ಕೀಲ್ ಯೂನಿವರ್ಸಿಟಿಯ ರಿಚರ್ಡ್ ಸ್ಟೀಫನ್ಸ್ 2009ರಲ್ಲಿ ಹುಡುಗ ಹುಡುಗಿಯರ ಕೈನ ಐಸ್ ಥರ ತಣ್ಣಗಿರೋ ನೀರಲ್ಲಿ ಇಡಿಸಿ ನೋಡಿದ್ರು, ಬೈತಾ ಇಟ್ಕೊಂಡೋರು ಮಾಮೂಲಿ ಪದ ಹೇಳ್ತಾ ಇಟ್ಕೊಂಡಾಗಿಂತ ಸರಾಸರಿ ಸುಮಾರು 40 ಸೆಕೆಂಡ್ ಜಾಸ್ತಿ ತಡ್ಕೊಂಡ್ರು. 2020ರಲ್ಲಿ ಅವ್ರೇ ಹೊಸದಾಗಿ ಹುಟ್ಟಿಸಿದ ಸುಳ್ಳು ಬೈಗುಳ ಕೊಟ್ಟು ನೋಡಿದ್ರೆ ಕೆಲ್ಸ ಮಾಡ್ಲಿಲ್ಲ, ನಿಜವಾದ್ದೇ ಬೇಕು. ನಿಮಗೆ ಬೇಕಾದ ಮಾತು ಅವ್ರ 2011ರ ಪ್ರಯೋಗದಲ್ಲಿದೆ, ದಿನಾ ಜಾಸ್ತಿ ಬೈಯೋರಿಗೆ ಈ ಲಾಭ ಕಮ್ಮಿ. ಎರಡು ಮಾತಿಗೊಂದು ಬೈಗುಳ ಖರ್ಚು ಮಾಡೋರಿಗೆ ಪಾನಾ ಬಿದ್ದ ದಿನ ಕೈಯಲ್ಲಿ ಏನೂ ಉಳಿದಿರಲ್ಲ. ಬೈಗುಳ ಮೆದುಳಲ್ಲಿ ಕೂರೋ ಜಾಗಾನೂ ಬೇರೆ ಥರ ಇದೆ, ಸ್ಟ್ರೋಕ್ ಹೊಡೆದು ಮಾತು ನಿಂತೋದ ಕೆಲವ್ರಿಗೆ ಮಗಳ ಹೆಸರು ಬಾಯಿಗೆ ಬರಲ್ಲ, ಬೈಗುಳ ಸಲೀಸಾಗಿ ಬರುತ್ತೆ. ಮನೆಯವ್ರು ಮುಜುಗರ ಪಡ್ತಾರೆ, ಪಾಪ, ಅದು ರೋಗಿ ಕೈಯಲ್ಲಿಲ್ಲ.

ಮಗನ ವಿಷಯ. ಹೊಡೀಬೇಡಿ, ಬಾಯಿಗೆ ಖಾರ ಹಾಕ್ತೀನಿ ಅನ್ನಬೇಡಿ, ಅಂದ್ರೆ ಆ ಪದಕ್ಕೆ ಇನ್ನೂ ಬೆಲೆ ಬರುತ್ತೆ. ಅವ್ನು ಏನಂದ, ಯಾರಿಗಂದ ಅಂತ ಮೊದ್ಲು ಕೇಳಿ, ಗೆಳೆಯನಿಗೆ ಆಟದಲ್ಲಿ ಅಂದಿದ್ದು ಬೇರೆ, ಮೆತ್ತಗಿರೋ ಹುಡುಗನ್ನ ಹಿಡ್ಕೊಂಡು ದಿನಾ ಅನ್ನೋದು ಬೇರೆ. ಎರಡನೇದಾಗಿದ್ರೆ ಅದು ಬೈಗುಳದ ಸಮಸ್ಯೆನೇ ಅಲ್ಲ. ಆಮೇಲೆ ಆ ಪದದ ಅರ್ಥ ಗೊತ್ತಾ ಅಂತ ಕೇಳಿ, ಬಹಳ ಮಕ್ಕಳಿಗೆ ಗೊತ್ತಿರಲ್ಲ, ಅಪ್ಪನ ಬಾಯಿಂದ ರಾಗ ಮಾತ್ರ ಕಲ್ತಿರ್ತಾರೆ. ಅರ್ಥ ನೀವೇ ಹೇಳಿ, ನಿಮಗೆ ನಾಚಿಕೆ ಆದ್ರೂ ಹೇಳಿ, "ಇದು ನಿಮ್ಮಮ್ಮನ ಬಗ್ಗೆ ಯಾರಾದ್ರೂ ಅಂದ ಹಂಗೆ" ಅಂತ. ಇನ್ನೊಂದು ನೋಡಿರ್ತೀರಿ, ಈಗಿನ ಮಕ್ಕಳು ಇಂಗ್ಲಿಷ್ ಬೈಗುಳನ ಚುರುಮುರಿ ತಿಂದ ಹಂಗೆ ತಿಂತಾರೆ, ಅಪ್ಪ ಅಮ್ಮಂದಿರೂ ಅದನ್ನ ಅಷ್ಟಾಗಿ ಮನಸ್ಸಿಗೆ ಹಾಕ್ಕೊಳ್ಳಲ್ಲ. ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನ ಡೆವಾಲೆ ಅನ್ನೋರು ಎರಡು ಮೂರು ಭಾಷೆ ಆಡೋ ಸಾವಿರಕ್ಕೂ ಹೆಚ್ಚು ಜನರನ್ನ ಕೇಳಿ 2004ರಲ್ಲಿ ಬರೆದಿದಾರೆ, ಬೈಗುಳದ ಕಾವು ಮನೆಮಾತಲ್ಲೇ ಹೆಚ್ಚು, ಆಮೇಲೆ ಕಲಿತ ಭಾಷೆಯಲ್ಲಿ ಕಮ್ಮಿ ಅಂತ. ಮಿಸ್ಸು ನಿಮ್ಮನ್ನ ಕರೆಸಿದ್ದು ಮಗ ಕನ್ನಡದಲ್ಲಿ ಬೈದಿದ್ದಕ್ಕೆ ಅಂತ ನನ್ನ ಊಹೆ. ಸ್ಕೂಲಿಗೆ ಹೋದಾಗ "ಗ್ಯಾರೇಜ್ ವಾತಾವರಣ ಮಿಸ್" ಅಂತ ಗ್ಯಾರೇಜ್ ಮೇಲೆ ಹಾಕಬೇಡಿ, ಮಗ ಪಕ್ಕದಲ್ಲೇ ನಿಂತಿರ್ತಾನೆ, ಆ ಸಬೂಬನ್ನೂ ಕಲೀತಾನೆ.

ಉಳಿದಿದ್ದು ಆ ಹುಡುಗ. ಫೋನಲ್ಲಿ ಸಾರಿ ಅಂದ್ರೆ ಸಾಲದು. ಬೈದಿದ್ದು ಎಲ್ರ ಮುಂದೆ, ಹಂಗಾಗಿ ತಪ್ಪಾಯ್ತು ಅನ್ನೋದೂ ಉಳಿದಿಬ್ರು ಹುಡುಗ್ರ ಮುಂದೇನೇ ಆಗ್ಬೇಕು, ಅವ್ರಿಗೂ ಅದು ಕೇಳಬೇಕಾದ ಮಾತು, ನಾಳೆ ಅವ್ರೇ ಹೊಸಬನೊಬ್ಬನಿಗೆ ಬೈಯೋರು. ಆದ್ರೆ ಅದಕ್ಕೂ ಮುಂಚೆ ಅವ್ರವ್ವನ ಹತ್ರ ಮಾತಾಡಿ, ಪ್ರಶ್ನೆ ಕೇಳಿದ್ದು ಆಯಮ್ಮ, ಉತ್ತರ ಬಾಕಿ ಇರೋದೂ ಅವ್ರಿಗೇ. ಚಳ್ಳಕೆರೆಗೆ ನೀವೇ ಹೋಗಿ ಬನ್ನಿ. "ಬಾಯಿಗ್ ಬಂತಮ್ಮ, ಮನಸ್ಸಲ್ಲಿ ಏನಿಲ್ಲ" ಅಂತ ಶುರು ಮಾಡಬೇಡಿ, "ನಿಮ್ಮನ್ನ ಎಳೀಬಾರದಿತ್ತು" ಅನ್ನಿ, ಅಷ್ಟು ಸಾಕು. ಹುಡುಗ ದುಡಿದ ದಿನದ ಲೆಕ್ಕ ಬಾಕಿ ಇದ್ರೆ ಅದನ್ನ ಜೊತೆಗೇ ತಗೊಂಡು ಹೋಗಿ, ಗೀರಿನ ಖರ್ಚು ಹಿಡ್ಕೊಳ್ದೆ. ದುಡ್ಡು ಮೊದ್ಲು ಕೊಟ್ಟು ಆಮೇಲೆ ಕೆಲಸಕ್ಕೆ ಕರೀರಿ, ಕರೆದ ಮೇಲೆ ದುಡ್ಡು ಕೊಟ್ರೆ ಅದನ್ನ ಅವ್ರು ಬೇರೆ ಥರ ತಿಳ್ಕೊಳ್ತಾರೆ. ಅವ್ನು ಬರಲ್ಲ ಅಂದ್ರೆ ಒತ್ತಾಯ ಮಾಡಬೇಡಿ, ಬೇರೆ ಗ್ಯಾರೇಜಿನೋರು ವಿಚಾರಿಸಿದ್ರೆ ಹುಡುಗ ಕೆಲಸಗಾರ ಅಂತ ಮಾತ್ರ ಹೇಳಿ.